ತೆರೆದ ಹಾಲ್‌ನಲ್ಲಿ ಟಿವಿಯ ಮಾತು ಸ್ಪಷ್ಟವಾಗಿ ಕೇಳುತ್ತಿಲ್ಲ: ಯಾವ ಸೀಲಿಂಗ್ ಸ್ಪೀಕರ್ ಆರಿಸಬೇಕು?

ಹೊಸಮನೆ:
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಈಚೆಗೆ ಕಟ್ಟಿಸಿದ ನಮ್ಮ ಮನೆಯಲ್ಲಿ ಹಾಲ್, ಊಟದ ಜಾಗ ಮತ್ತು ಅಡುಗೆಮನೆಗಳ ನಡುವೆ ಗೋಡೆಗಳಿಲ್ಲ. ಒಟ್ಟು ಉದ್ದ 30 ಅಡಿ, ಅಗಲ 15 ಅಡಿ, ಜಿಪ್ಸಮ್ ಫಾಲ್ಸ್ ಸೀಲಿಂಗ್ ನೆಲದಿಂದ 9 ಅಡಿ ಎತ್ತರದಲ್ಲಿದೆ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಹಾಕಿಸಿದ್ದೇವೆ, ಒಂದು ಕಡೆ ದೊಡ್ಡ ಗಾಜಿನ ಬಾಗಿಲಿದೆ. ಟಿವಿ ಒಂದು ತುದಿಯ ಗೋಡೆಯ ಮೇಲಿದ್ದು, ಸೋಫಾ ಅದರಿಂದ 11 ಅಡಿ ದೂರದಲ್ಲಿದೆ. ಒಳಾಂಗಣದ ಕೆಲಸ ವಹಿಸಿಕೊಂಡವರು 6 ಇಂಚಿನ ನಾಲ್ಕು ಸೀಲಿಂಗ್ ಸ್ಪೀಕರ್‌ಗಳನ್ನು, ಎರಡು ಸೋಫಾದ ನೆತ್ತಿಗೆ, ಎರಡು ಊಟದ ಮೇಜಿನ ನೆತ್ತಿಗೆ ಕೂರಿಸಿ, ಅವನ್ನು ಒಂದು ಸ್ಟೀರಿಯೊ ಆಂಪ್ಲಿಫೈಯರ್‌ಗೆ ಜೋಡಿಸಿಕೊಟ್ಟಿದ್ದಾರೆ. ಟಿವಿಯಿಂದ ಆಂಪ್ಲಿಫೈಯರ್‌ಗೆ ಆಪ್ಟಿಕಲ್ ಕೇಬಲ್ ಇದೆ.

ಹಾಡುಗಳು ತಕ್ಕಮಟ್ಟಿಗೆ ಕೇಳುತ್ತವೆ. ವಾರ್ತೆ, ಧಾರಾವಾಹಿ ಮತ್ತು ಸಿನಿಮಾಗಳ ಮಾತು ಮಾತ್ರ ವಾಲ್ಯೂಮ್ ಮುಕ್ಕಾಲು ಭಾಗಕ್ಕೆ ಏರಿಸಿದರೂ ಸೊರಗಿದಂತೆಯೇ ಕೇಳಿಸುತ್ತದೆ. ವಯಸ್ಸಾದ ನಮ್ಮ ತಾಯಿಯವರು, ಯಾರೋ ಅಟ್ಟದ ಮೇಲೆ ಕೂತು ಮಾತಾಡಿದ ಹಾಗಿದೆ ಎನ್ನುತ್ತಾರೆ. ಇವುಗಳ ಬದಲು 8 ಇಂಚಿನ ದುಬಾರಿ ಸ್ಪೀಕರ್ ಹಾಕಿಸುವುದೋ, ಇದೇ ಬಗೆಯ ಇನ್ನೆರಡನ್ನು ಸೇರಿಸುವುದೋ ತಿಳಿಯುತ್ತಿಲ್ಲ. ಸೀಲಿಂಗ್ ಪೂರ್ತಿ ಬಿಚ್ಚಿಸುವ ಹಾಗಿಲ್ಲ, ನೆಲದ ಮೇಲೆ ದೊಡ್ಡ ಪೆಟ್ಟಿಗೆಗಳು ಬೇಡವೆಂಬುದು ಮನೆಯವರ ಅಭಿಪ್ರಾಯ.

ಆವರ್ತನ:
ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ ಸರ್. ಮೊದಲು ಒಂದು ಸ್ಪೀಕರಿನ ಜಾಲರಿ ತೆಗೆದು, ಒಳಗಿನ ಸ್ಕ್ರೂಗಳನ್ನು ಸಡಿಲಿಸಿ, ಅದನ್ನು ನಿಧಾನವಾಗಿ ಕೆಳಗಿಳಿಸಿ, ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಏನು ಬರೆದಿದೆಯೆಂದು ನೋಡಿ. ಆಂಪ್ಲಿಫೈಯರಿನ ಹಿಂಬದಿಯಲ್ಲಿ ಸ್ಪೀಕರ್ ಟರ್ಮಿನಲ್‌ಗಳ ಬಳಿ ಎಷ್ಟು ಓಂ ಎಂದಿದೆ ಎಂಬುದನ್ನೂ, ನಾಲ್ಕು ಸ್ಪೀಕರ್‌ಗಳ ತಂತಿಗಳು ಹೇಗೆ ಕೂಡಿವೆ ಎಂಬುದನ್ನೂ ತಿಳಿಸಿ.

ಹೊಸಮನೆ:
ನೋಡಿದೆ. ಸ್ಪೀಕರಿನ ಬೆನ್ನಿಗೆ ಚಿಕ್ಕ ಟ್ರಾನ್ಸ್‌ಫಾರ್ಮರ್ ಮತ್ತು ತಿರುಗಿಸುವ ಸ್ವಿಚ್ ಇವೆ. ಅದರ ಸುತ್ತ 100 ವೋಲ್ಟ್ 6 ವ್ಯಾಟ್, 3 ವ್ಯಾಟ್, 8 ಓಂ ಎಂದು ಗುರುತುಗಳಿದ್ದು, ಸ್ವಿಚ್ 6 ವ್ಯಾಟಿನಲ್ಲಿದೆ. ಆಂಪ್ಲಿಫೈಯರಿನ ಮೇಲೆ 6ರಿಂದ 16 ಓಂ ಎಂದು ಬರೆದಿದೆ. ಸೋಫಾದ ಮೇಲಿನ ಎರಡು ಎಡ ಚಾನೆಲ್‌ಗೆ, ಊಟದ ಮೇಜಿನ ಮೇಲಿನ ಎರಡು ಬಲ ಚಾನೆಲ್‌ಗೆ ಸಮಾನಾಂತರವಾಗಿ ಜೋಡಣೆಯಾಗಿವೆ.

ಆವರ್ತನ:
ದನಿ ಸೊರಗಲು ಕಾರಣ ಇಲ್ಲಿಯೇ ಇದೆ. ನಿಮಗೆ ಕೊಟ್ಟಿರುವುದು ಅಂಗಡಿ, ಹೋಟೆಲ್, ಆಸ್ಪತ್ರೆಗಳಲ್ಲಿ ಉದ್ದದ ತಂತಿಯ ಮೇಲೆ ಹತ್ತಾರು ಸ್ಪೀಕರ್‌ಗಳಿಗೆ ಪ್ರಕಟಣೆ ಕಳಿಸಲು ಬಳಸುವ 100 ವೋಲ್ಟ್ ಲೈನ್ ಸ್ಪೀಕರ್. 6 ವ್ಯಾಟಿನ ಸ್ಥಾನದಲ್ಲಿ ಅದರ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) 100ರ ವರ್ಗವನ್ನು 6ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 1,667 ಓಂ. ನಿಮ್ಮ ಆಂಪ್ಲಿಫೈಯರ್ 8 ಓಂ ಸ್ಪೀಕರಿಗೆ 50 ವ್ಯಾಟ್ ಕೊಡಲು 20 ವೋಲ್ಟ್ ಹೊರಡಿಸುತ್ತದೆ ಎಂದುಕೊಂಡರೆ, ಅದೇ 20 ವೋಲ್ಟ್ ಈ ಸ್ಪೀಕರಿಗೆ ತಲುಪಿಸುವುದು ಕಾಲು ವ್ಯಾಟಿಗಿಂತಲೂ ಕಡಿಮೆ. ಇನ್ನೆರಡು ಸೇರಿಸಿದರೂ ಇದೇ ಸ್ಥಿತಿ ಮುಂದುವರಿಯುತ್ತದೆ.

ಎರಡನೆಯ ತೊಡಕು ಚಾನೆಲ್‌ಗಳ ಹಂಚಿಕೆ. ಸೋಫಾಕ್ಕೆ ಬರೀ ಎಡ ಚಾನೆಲ್, ಊಟದ ಮೇಜಿಗೆ ಬರೀ ಬಲ ಚಾನೆಲ್ ಎಂದಾಗ ಕೂತವರಿಗೆ ಕಾರ್ಯಕ್ರಮದ ಅರ್ಧ ಭಾಗ ದೂರದಿಂದ ಬರುತ್ತದೆ. ಆಂಪ್ಲಿಫೈಯರಿನ ಪ್ಲಗ್ ತೆಗೆದ ಮೇಲೆ, ಎಲ್ಲ ಸ್ಪೀಕರ್‌ಗಳ ಸ್ವಿಚ್ಚನ್ನು 8 ಓಂಗೆ ತಿರುಗಿಸಿ, ಸೋಫಾದ ಮೇಲಿನವುಗಳಲ್ಲಿ ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಕೊಡಿ. ಊಟದ ಕಡೆಯವನ್ನು ಸದ್ಯ ಬಿಚ್ಚಿಡಿ. ಮುಂದೆ ಸೇರಿಸುವುದಾದರೆ ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ ಸೇರಿಸಿ, ಆಗ ಪ್ರತಿ ಚಾನೆಲ್ ಎದುರಿಸುವುದು 16 ಓಂ. ಸಮಾನಾಂತರವಾದರೆ 4 ಓಂ ಆಗಿ, ಆಂಪ್ಲಿಫೈಯರಿನ 6 ಓಂ ಮಿತಿಗಿಂತ ಕೆಳಗಿಳಿಯುತ್ತದೆ. ಧನ, ಋಣ ತುದಿಗಳನ್ನೂ ಪರೀಕ್ಷಿಸಿ. 8 ಓಂ ಸ್ಥಾನದಲ್ಲಿ ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ಲನ್ನು ತಂತಿಗಳಿಗೆ ಕ್ಷಣಮಾತ್ರ ತಾಗಿಸಿದಾಗ ಎಲ್ಲ ಕೋನ್‌ಗಳೂ ಒಂದೇ ದಿಕ್ಕಿಗೆ ಚಲಿಸಬೇಕು. ಒಂದು ತಿರುಗುಮುರುಗಾಗಿದ್ದರೂ ಮಾತು ಟೊಳ್ಳಾಗುತ್ತದೆ. ಇಂಥ ಸ್ಪೀಕರ್‌ಗಳ ತಾಳಿಕೆ ಕಡಿಮೆಯಾದ್ದರಿಂದ ವಾಲ್ಯೂಮನ್ನು ಕೆಳಗಿನಿಂದ ನಿಧಾನವಾಗಿ ಏರಿಸಿ.

ಇದರಿಂದ ದನಿ ದೊಡ್ಡದಾಗುತ್ತದೆ, ಆದರೆ ಅಟ್ಟದ ಮಾತು ಅಟ್ಟದಲ್ಲೇ ಉಳಿಯುತ್ತದೆ. ತಾಯಿಯವರು ಹೇಳಿದ್ದು ಅಕ್ಷರಶಃ ಸರಿ. ಕೂತವರ ಕಿವಿ ನೆಲದಿಂದ ಸುಮಾರು ಮೂರೂವರೆ ಅಡಿ ಎತ್ತರದಲ್ಲಿರುತ್ತದೆ. ಮುಖ ಎದುರಿಗೆ ಕಾಣುತ್ತಿದ್ದರೆ ದನಿ 90 ಡಿಗ್ರಿ ಮೇಲಿನಿಂದ ಬೀಳುತ್ತಿದೆ. ಇದಲ್ಲದೆ ಒಂದೇ ಕೋನಿನ 6 ಇಂಚಿನ ಸ್ಪೀಕರ್ ಸುಮಾರು 2,500 ಹರ್ಟ್ಸ್ ದಾಟಿದ ಮೇಲೆ ದನಿಯನ್ನು ಹರಡದೆ ನೇರ ಕೆಳಕ್ಕೆ ಚೆಲ್ಲತೊಡಗುತ್ತದೆ. ಸ, ಶ, ತ, ಕ ಮುಂತಾದ ವ್ಯಂಜನಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಬೇಕಾದ ಅಂಶ ಬಹುಪಾಲು ಅದಕ್ಕಿಂತ ಮೇಲಿರುವುದರಿಂದ, ಸ್ಪೀಕರಿನ ಅಡಿಯಿಂದ ಮೂರು ನಾಲ್ಕು ಅಡಿ ಸರಿದವರಿಗೆ ಸ್ವರ ಕೇಳಿಸಿದರೂ ವ್ಯಂಜನ ಮಸುಕಾಗುತ್ತದೆ. 8 ಇಂಚಿನ ಕೋನಿನಲ್ಲಿ ಈ ತೊಂದರೆ ಇನ್ನೂ ಕೆಳಗಿನ ಆವರ್ತನದಲ್ಲೇ ಶುರುವಾಗುವುದರಿಂದ, ಟ್ವೀಟರ್ (ತಾರ ದನಿಗೆಂದೇ ಇರುವ ಚಿಕ್ಕ ಸ್ಪೀಕರ್) ಇಲ್ಲದ ದೊಡ್ಡ ಸ್ಪೀಕರಿಗೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ.

ಮರದಪೆಟ್ಟಿಗೆ:
ಮೇಲಿನ ಮಾತಿಗೆ ಆಯ್ಕೆಯ ವಿಚಾರವನ್ನಷ್ಟೇ ಸೇರಿಸುತ್ತೇನೆ. ಮಾತು ಟಿವಿಯ ದಿಕ್ಕಿನಿಂದಲೇ ಬರಬೇಕು, ಆದ್ದರಿಂದ ಸ್ಪೀಕರ್‌ಗಳಲ್ಲಿ ಮೊದಲ ಖರ್ಚು ಟಿವಿಯ ಕೆಳಗಿನ, ಮುಖ್ಯವಾಗಿ ಮಾತನ್ನು ನುಡಿಸುವ ಸೆಂಟರ್ ಸ್ಪೀಕರಿಗಾಗಲಿ. ಅಮೆರಿಕದ ವೀಡಿಯೊಗಳನ್ನು ನೋಡಿ ಗೋಡೆಯೊಳಗೆ ಕೂರಿಸುವ ಸ್ಪೀಕರ್ ಬಯಸುವವರಿದ್ದಾರೆ. ಅಲ್ಲಿನ ಮನೆಗಳ ಗೋಡೆ ಮರದ ಚೌಕಟ್ಟಿಗೆ ಹೊಡೆದ ಜಿಪ್ಸಮ್ ಹಲಗೆಯಾದರೆ ನಮ್ಮದು ಗಾರೆ ಬಳಿದ ಇಟ್ಟಿಗೆ ಅಥವಾ ಸಾಲಿಡ್ ಬ್ಲಾಕ್. ಅದನ್ನು ಕೊರೆಯುವ ಬದಲು ಟಿವಿ ಯೂನಿಟ್ಟಿನ ಪ್ಲೈವುಡ್ ಪ್ಯಾನೆಲ್ ಮೇಲೆ ತೆಳುವಾದ ಮೂರು ಸ್ಪೀಕರ್‌ಗಳನ್ನು ಕೂರಿಸಬಹುದು, ಇಲ್ಲವೇ ಪ್ರತ್ಯೇಕ ಸೆಂಟರ್ ಚಾನೆಲ್ ಇರುವ 3.1 (ಎಡ, ನಡು, ಬಲ, ಜೊತೆಗೆ ಮಂದ್ರ ದನಿಗೆ ಒಂದು) ಸೌಂಡ್‌ಬಾರ್ ಇಡಬಹುದು.

ಸೀಲಿಂಗೇ ಆಗಬೇಕೆಂದರೆ ದನಿಯನ್ನು ಕೋನವಾಗಿ ಮುಂದಕ್ಕೆ ಎಸೆಯುವ, ಓರೆಯಾಗಿ ಕೂರಿಸಿದ ವೂಫರ್ (ಮಂದ್ರ ದನಿಯ ದೊಡ್ಡ ಕೋನ್) ಮತ್ತು ಟ್ವೀಟರ್ ಉಳ್ಳ ಮೂರು ಸ್ಪೀಕರ್‌ಗಳನ್ನು ಟಿವಿ ಗೋಡೆಯಿಂದ 2 ಅಡಿ ಈಚೆಗೆ ಹಾಕಿಸಿ. ನಿಮ್ಮ ಅಳತೆಗಳ ಪ್ರಕಾರ ಅವು ಸೋಫಾಕ್ಕೆ ಸುಮಾರು 31 ಡಿಗ್ರಿ ಮೇಲಿರುತ್ತವೆ; ನೆತ್ತಿಯಿಂದ ಬೀಳುವುದಕ್ಕಿಂತ ಎಷ್ಟೋ ಮೇಲು, ಎದುರಿನ ಸ್ಪೀಕರಿಗೆ ಸಮವಲ್ಲ. ಆರ್‌ಸಿಸಿ ಸ್ಲ್ಯಾಬಿಗೂ ಜಿಪ್ಸಮ್ಮಿಗೂ ನಡುವೆ ಎಷ್ಟು ಇಂಚು ಸಿಗುತ್ತದೆ, ಸೀಲಿಂಗನ್ನು ಹಿಡಿದಿರುವ ಜಿಐ ಚಾನೆಲ್ (ಉಕ್ಕಿನ ಪಟ್ಟಿ) ಅಡ್ಡ ಬರುತ್ತದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಿ. ಹಿಂಬದಿಗೆ ಮುಚ್ಚಿದ ಪೆಟ್ಟಿಗೆಯಿದ್ದರೆ ಹಲಗೆ ಗಡಗಡಿಸುವುದೂ ಸೀಲಿಂಗಿನ ಪೊಳ್ಳಿನೊಳಗೆ ದನಿ ಸೋರುವುದೂ ತಗ್ಗುತ್ತವೆ. ಇನ್ನು, ಒಂದೆಡೆಯಿಂದ 20 ಮೀಟರ್ ತಂತಿ ಎಳೆಯುವುದಾದರೆ 1.5 ಚದರ ಮಿಲಿಮೀಟರ್ ತಾಮ್ರದಲ್ಲಿ ಹೋಗಿಬರುವ ರೋಧ ಅರ್ಧ ಓಂ ಹತ್ತಿರವಾಗುತ್ತದೆ, 2.5ರ ತಂತಿ ಹಾಕಿಸಿ.

ಕೋಣೆಯನ್ನೂ ಮರೆಯಬಾರದು. ನಿಮ್ಮ ಜಾಗದ ಗಾತ್ರ ಸುಮಾರು 115 ಘನ ಮೀಟರ್. ಟೈಲ್ಸ್, ಗಾಜು, ಗಾರೆ ಯಾವುದೂ ದನಿಯನ್ನು ಹೀರುವುದಿಲ್ಲ. ಸೋಫಾ ಸೇರಿ ಹೀರುವ ಶಕ್ತಿ 12 ಚದರ ಮೀಟರಿಗೆ ಸಮವೆಂದು ಹಿಡಿದರೆ, ಸಬೈನ್ ಸೂತ್ರದಂತೆ ಅನುರಣನ, ಅಂದರೆ ದನಿ ನಿಂತ ಮೇಲೂ ಕೋಣೆಯಲ್ಲಿ ಅದು ಮೊಳಗುತ್ತ ಉಳಿಯುವ ಕಾಲ, ಒಂದೂವರೆ ಸೆಕೆಂಡ್ ಆಗುತ್ತದೆ. ಗಾಜಿನ ಬಾಗಿಲಿಗೆ ನಿರಿಗೆ ತುಂಬಿದ ದಪ್ಪ ಪರದೆ, ಸೋಫಾದ ಮುಂದೆ ದಪ್ಪ ಜಮಖಾನ ಬಂದರೆ ಅದು ಒಂದು ಸೆಕೆಂಡಿನ ಹತ್ತಿರಕ್ಕೆ ಇಳಿದೀತು. ಸ್ಪೀಕರಿಗಿಂತ ಮೊದಲು ಪರದೆ ಹೊಲಿಸಿ ಎಂದರೆ ಕೆಲವರು ನಗುತ್ತಾರೆ, ನನ್ನ ಸಲಹೆ ಮಾತ್ರ ಅದೇ.

ಹೊಸಮನೆ:
ಇಬ್ಬರಿಗೂ ಕೃತಜ್ಞತೆಗಳು. ಸ್ವಿಚ್ ತಿರುಗಿಸಿ, ಚಾನೆಲ್‌ಗಳನ್ನು ಸರಿಪಡಿಸಿದ ಮೇಲೆ ವಾಲ್ಯೂಮ್ ಕಾಲು ಭಾಗಕ್ಕೇ ಸಾಕಾಗುತ್ತಿದೆ. ಊಟದ ಕಡೆಯ ಎರಡನ್ನು ಬಿಚ್ಚಿದ್ದರಿಂದ ಗೊಂದಲವೂ ಕಡಿಮೆಯಾಗಿದೆ. ಆದರೆ ಅಡುಗೆ ಮಾಡುತ್ತ ವಾರ್ತೆ ಕೇಳುವ ಅಭ್ಯಾಸ ನಮ್ಮಲ್ಲಿದೆ. ಟಿವಿಯ ಬಳಿ ಮೂರು ಸ್ಪೀಕರ್ ಹಾಕಿಸಿದರೆ, ಊಟದ ಕಡೆಯವನ್ನೂ ಜೊತೆಗೆ ನುಡಿಸಬಹುದೇ?

ಆವರ್ತನ:
ನುಡಿಸಬಹುದು, ಆದರೆ ಸೌಂಡ್‌ಬಾರ್ ಒಂದು ಕಡೆ, ಆಂಪ್ಲಿಫೈಯರ್ ಇನ್ನೊಂದು ಕಡೆ ಎಂದು ಬೇರೆ ಬೇರೆ ದಾರಿಯಲ್ಲಿ ಬೇಡ. ಎರಡರ ಒಳಗೂ ದನಿ ಬೇರೆ ಬೇರೆ ಪ್ರಮಾಣದಲ್ಲಿ ತಡವಾಗುವುದರಿಂದ ಮಾತು ಎರಡೆರಡು ಸಲ ಕೇಳಿಸಬಹುದು. ಒಂದು 5.1 ಎವಿ ರಿಸೀವರ್ (ದನಿಯನ್ನು ಹಲವು ಸ್ಪೀಕರ್‌ಗಳಿಗೆ ಬೇರೆ ಬೇರೆಯಾಗಿ ಹಂಚುವ ಆಂಪ್ಲಿಫೈಯರ್) ಕೊಂಡು, ಆಪ್ಟಿಕಲ್ ಬದಲು ಟಿವಿಯ ದನಿಯನ್ನು ಹೊರತರುವ ಎಚ್‌ಡಿಎಂಐ ಎಆರ್‌ಸಿ ಕಿಂಡಿಯ ಮೂಲಕ ಟಿವಿಗೆ ಜೋಡಿಸಿ. ಟಿವಿಯ ರಿಮೋಟಿನಲ್ಲೇ ವಾಲ್ಯೂಮ್ ಬದಲಾಗುವುದು ಮನೆಯ ಹಿರಿಯರಿಗೆ ದೊಡ್ಡ ಅನುಕೂಲ. ಟಿವಿಯ ಒಳಗಿನ ಸ್ಪೀಕರನ್ನು ಆಫ್ ಮಾಡಿಡಿ. ಊಟದ ಕಡೆಯ ಜೋಡಿಯನ್ನು ಸರೌಂಡ್ (ಹಿಂಬದಿಯ ಸ್ಪೀಕರ್‌ಗಳ) ಟರ್ಮಿನಲ್‌ಗೆ ಕೊಟ್ಟು, ವಾರ್ತೆಯ ಹೊತ್ತಿಗೆ ಎಲ್ಲ ಚಾನೆಲ್‌ಗಳಿಗೂ ಒಂದೇ ದನಿ ಕಳಿಸುವ ಸ್ಟೀರಿಯೊ ಮೋಡ್ ಆರಿಸಿ. ಮೆನುವಿನಲ್ಲಿ ಅವುಗಳ ದೂರವನ್ನು ನಿಜಕ್ಕಿಂತ ಹತ್ತು ಹನ್ನೆರಡು ಅಡಿ ಕಡಿಮೆ ನಮೂದಿಸಿದರೆ ರಿಸೀವರ್ ಅಡಿಗೆ ಸುಮಾರು 0.9 ಮಿಲಿಸೆಕೆಂಡಿನಂತೆ ಅವನ್ನು ತಡಮಾಡುತ್ತದೆ. ಜರ್ಮನ್ ಧ್ವನಿವಿಜ್ಞಾನಿ ಹೆಲ್ಮುಟ್ ಹಾಸ್ 1949ರಲ್ಲಿ ವಿವರಿಸಿದಂತೆ, ಸುಮಾರು 30 ಮಿಲಿಸೆಕೆಂಡಿನೊಳಗೆ ಹಿಂದೆಯೇ ಬಂದ ದನಿಯನ್ನು ಕಿವಿ ಬೇರೆಯಾಗಿ ಎಣಿಸದೆ, ಮೊದಲು ತಲುಪಿದ ದನಿಯ ದಿಕ್ಕನ್ನೇ ನಂಬುತ್ತದೆ. ಹೀಗಾಗಿ ಸೋಫಾದಲ್ಲಿ ಕೂತವರಿಗೆ ಮಾತು ಟಿವಿಯಿಂದಲೇ ಬಂದಂತೆ ಇರುತ್ತದೆ, ಒಲೆಯ ಮುಂದೆ ನಿಂತವರಿಗೂ ಕೇಳಿಸುತ್ತದೆ.

ಹೊಸಮನೆ:
ಹಾಗೆಯೇ ಮಾಡಿಸುತ್ತೇನೆ. ಸೋಫಾದ ಮೇಲಿನ ಎರಡನ್ನು ತೆಗೆಸಿ ತೂತು ಮುಚ್ಚಿಸಬೇಕೇ?

ಮರದಪೆಟ್ಟಿಗೆ:
ಬೇಡ, ಅಲ್ಲೇ ಇರಲಿ. ಮುಂದೆಂದಾದರೂ ಡಾಲ್ಬಿ ಅಟ್ಮಾಸ್‌ಗೆ (ಮೇಲಿನಿಂದಲೂ ದನಿ ಬರುವ ಸಿನಿಮಾ ಧ್ವನಿ ವ್ಯವಸ್ಥೆಗೆ) ಹೋಗುವುದಾದರೆ ಮೇಲಿನ ಜೋಡಿ ಇರಬೇಕಾದ ಜಾಗ ಹೆಚ್ಚುಕಡಿಮೆ ಅದೇ. ಸದ್ಯಕ್ಕೆ ಆಂಪ್ಲಿಫೈಯರ್ ತುದಿಯಲ್ಲಿ ತಂತಿಗಳನ್ನು ಬಿಚ್ಚಿ, ಪ್ರತಿಯೊಂದು ತುದಿಗೂ ಬೇರೆ ಬೇರೆಯಾಗಿ ಇನ್ಸುಲೇಷನ್ ಟೇಪ್ ಸುತ್ತಿಸಿ. ಬದಲಿಸುವ ಕಾಲಕ್ಕೆ ಟ್ವೀಟರ್ ಇರುವ, ಕಟ್‌ಔಟ್ ಅಳತೆ ಈಗಿನಷ್ಟೇ ಅಥವಾ ಸ್ವಲ್ಪ ಹೆಚ್ಚಿರುವ ಮಾದರಿ ನೋಡಿ. ಜಿಪ್ಸಮ್‌ನಲ್ಲಿ ತೂತು ಹಿಗ್ಗಿಸುವುದು ಹತ್ತು ನಿಮಿಷದ ಕೆಲಸ, ಕಿರಿದಾಗಿಸಬೇಕೆಂದರೆ ತೇಪೆ, ಪುಟ್ಟಿ, ಬಣ್ಣ ಎಲ್ಲವೂ ಹೊಸದಾಗಿ ಆಗಬೇಕು.