ಕೆನ್ನೆಗೆ ಕರೆಂಟ್ ಹೊಡೆದಂಥ ನೋವು: ಅನುಭವ ಇದ್ದವರು ಹೇಳಿ

ಕೇಳಿದ್ದು, ಆಲೂರಿನಿಂದ: ಅಮ್ಮನಿಗೆ 62. ಒಂದು ತಿಂಗಳಿಂದ ಬಲಗೆನ್ನೆಗೆ ಕರೆಂಟ್ ಹೊಡೆದ ಹಾಗೆ ನೋವು. ಅಕ್ಕಿರೊಟ್ಟಿ ಅಗಿಯೋಕೂ ಹೆದರ್ತಾರೆ. ಹಾಸನದಲ್ಲಿ ಡಾಕ್ಟರು ಟ್ರೈಜೆಮಿನಲ್ ನ್ಯೂರಾಲ್ಜಿಯಾ, ಅಂದ್ರೆ ಮುಖದ ನರದ ನೋವು ಅಂತ ಹೇಳಿ ಕಾರ್ಬಮಜೆಪಿನ್ ಬರೆದ್ರು. ಅದು ಫಿಟ್ಸ್ ಮಾತ್ರೆ ಅಂತ ಗೊತ್ತಾದ ಮೇಲೆ ಅಮ್ಮ ಮುಟ್ತಿಲ್ಲ. ಕೊಡಬಹುದಾ?

ಮೂಡಿಗೆರೆಯಿಂದ: ಕೊಡಿ. ನಮ್ಮ ಯಜಮಾನರು ಇದೇ ನೋವಿಗೆ ಎರಡು ದವಡೆಹಲ್ಲು ಕೀಳಿಸಿಕೊಂಡ್ರು. ಹಲ್ಲು ಹೋಯ್ತು, ನೋವು ಹೋಗಲಿಲ್ಲ. ರೇಜರ್ ತಾಗಿದ್ರೆ ಛಳಕ್ ಅನ್ನೋದು. ಹಾಗಾಗಿ ಎಡಗೆನ್ನೆ ನುಣ್ಣಗೆ, ಬಲಗಡೆ ಗಡ್ಡ. ಅದೇ ಅವತಾರದಲ್ಲಿ ಒಂದು ಮದುವೆಗೂ ಹೋಗಿಬಂದ್ರು! ಡಿಸೆಂಬರ್ ಗಾಳಿಗೆ ಬೈಕ್ ಹತ್ತೋದೇ ಬಿಟ್ಟಿದ್ರು.

ಹಣೆ, ಕೆನ್ನೆ, ಹಲ್ಲು ಎಲ್ಲದರ ಸುದ್ದಿ ಮಿದುಳಿಗೆ ಒಯ್ಯೋದು ಒಂದೇ ನರ, ಮೂರು ಕವಲಾಗಿ. ಅದಕ್ಕೇ ಹಲ್ಲುನೋವು ಅಂತ ಮೋಸ ಹೋಗೋದು. ಬಹಳ ಜನರಲ್ಲಿ ಆ ನರದ ಬುಡಕ್ಕೆ ರಕ್ತನಾಳ ಒತ್ತಿ ಒತ್ತಿ ಹೊದಿಕೆ ಸವೆದಿರುತ್ತೆ. ಇಲಿ ಕಡಿದ ಮೋಟರ್ ವೈರ್ ಥರ, ಸುಮ್ಮನೆ ಸೋಕಿದ್ರೂ ಕಿಡಿ. ಈ ಮಾತ್ರೆ ನರದ ಆ ರಂಪ ಇಳಿಸುತ್ತೆ, 1960ರ ದಶಕದಿಂದಲೂ ಇದಕ್ಕೇ ಬಳಸ್ತಿದ್ದಾರೆ. ಮಾಮೂಲಿ ನೋವಿನ ಮಾತ್ರೆ ನಾಟೋದಿಲ್ಲ.

ಮೊದಲ ವಾರ ಇವರಿಗೆ ತೂಕಡಿಕೆ, ನಡೆದ್ರೆ ತೂರಾಟ. ಅಮ್ಮ ರಾತ್ರಿ ಬಚ್ಚಲಿಗೆ ಎದ್ದಾಗ ಜೊತೆಗಿರಿ. ಮೈಮೇಲೆ ಗುಳ್ಳೆ, ಬಾಯಿಹುಣ್ಣು, ಜ್ವರ ಕಂಡರೆ ಅವತ್ತೇ ಡಾಕ್ಟರ ಹತ್ರ ಹೋಗಿ, ನಾಳೆ ಅನ್ನಬೇಡಿ. ಸೋಡಿಯಂ ಇಳಿಯೋದೂ ಉಂಟು, ರಕ್ತಪರೀಕ್ಷೆ ಹೇಳಿದ್ರೆ ತಪ್ಪಿಸಬೇಡಿ. ಬಿಪಿ-ಗಿಪಿ ಮಾತ್ರೆ ಇದ್ರೆ ಅದನ್ನೂ ತೋರಿಸಿ.

ಚನ್ನರಾಯಪಟ್ಟಣದಿಂದ: ಎಂಆರ್‌ಐ ಆಯ್ತಾ? ನನ್ನ ತಂಗಿಗೆ 34ಕ್ಕೇ ಬಂದಿದ್ದಕ್ಕೆ ಗಡ್ಡೆ, ಮಲ್ಟಿಪಲ್ ಸ್ಕ್ಲೆರೋಸಿಸ್ (ನರದ ಹೊದಿಕೆ ಹಾಳಾಗೋ ಕಾಯಿಲೆ) ಏನೂ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ ಮಾಡಿಸಿದ್ರು. ಕೆನ್ನೆ ಮರಗಟ್ಟಿದ್ರೆ ಮರೀದೆ ಹೇಳಿ.

ಅರಸೀಕೆರೆಯಿಂದ: ನಮ್ಮಪ್ಪನಿಗೆ ಆರು ವರ್ಷ ಮಾತ್ರೇಲೇ ನಡೀತು, ಆಮೇಲೆ ಹಿಡೀಲಿಲ್ಲ. ಬೆಂಗಳೂರಲ್ಲಿ ಕಿವಿ ಹಿಂದೆ ತೆರೆದು ನಾಳಕ್ಕೂ ನರಕ್ಕೂ ಮಧ್ಯೆ ಟೆಫ್ಲಾನ್ ಚೂರು ಇಟ್ರು. ಪೀಟರ್ ಜನೆಟಾ ಅನ್ನೋ ಅಮೆರಿಕದ ಸರ್ಜನ್ ರೂಢಿಗೆ ತಂದ ವಿಧಾನ. ವಾರದೊಳಗೆ ಅಪ್ಪ ತಾವೇ ಹಲ್ಲುಜ್ಜಿದ್ರು. ಆದ್ರೆ ಆ ಕಡೆ ಕಿವಿ ಸ್ವಲ್ಪ ಮಂದ ಆಗಿದೆ, ಅದನ್ನೂ ಹೇಳ್ಬೇಕಲ್ಲ.

ಮೂಡಿಗೆರೆಯಿಂದ ಮತ್ತೆ: ಒಂದು ಮರೆತಿದ್ದೆ. ನೋವು ಕಮ್ಮಿ ಆಯ್ತು ಅಂತ ಮಾತ್ರೆ ತಟ್ಟನೆ ನಿಲ್ಲಿಸಬೇಡಿ. ನೋವು ಇಳಿಯೋವರೆಗೆ ರೊಟ್ಟಿ ಬೇಡ, ಗಂಜಿ ಕೊಡಿ. ಉಗುರುಬೆಚ್ಚಗೆ, ಎಡಗಡೆಯಿಂದ.