ಮೇಕ್‌ಫೈಲ್ ಮೇಲೆ ನಿಂತ ದೊಡ್ಡ ಪ್ರಾಜೆಕ್ಟನ್ನು ಐಡಿಇಗೆ ತರುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಆರ್ಮ್ ಕಾರ್ಟೆಕ್ಸ್-ಎಂ ಚಿಪ್‌ಗೆ ಬರೆದ ಫರ್ಮ್‌ವೇರ್. ಸಾವಿರಕ್ಕೂ ಹೆಚ್ಚು ಸಿ ಫೈಲುಗಳಿವೆ, ಪ್ರತಿ ಫೋಲ್ಡರಿಗೂ ಒಂದೊಂದು ಮೇಕ್‌ಫೈಲ್ (ಯಾವ ಫೈಲನ್ನು ಹೇಗೆ ಕಂಪೈಲ್ ಮಾಡಬೇಕೆಂದು ‘ಮೇಕ್’ ಎಂಬ ಟೂಲಿಗೆ ಹೇಳುವ ಫೈಲ್) ಇದೆ. ಹೊಸಬರಿಗೆ ಕೋಡ್ ಓದಲು, ಡಿಬಗ್ ಮಾಡಲು ಅನುಕೂಲವಾಗಲೆಂದು ಎಲ್ಲವನ್ನೂ ಎಕ್ಲಿಪ್ಸ್ ಎಂಬ ಐಡಿಇಯ (ಕೋಡ್ ಬರೆಯಲು, ಬಿಲ್ಡ್ ಮತ್ತು ಡಿಬಗ್ ಮಾಡಲು ಬಳಸುವ ತಂತ್ರಾಂಶ) ಪ್ರಾಜೆಕ್ಟಾಗಿ ಬದಲಾಯಿಸಲು ಮ್ಯಾನೇಜರ್ ಹೇಳಿದ್ದಾರೆ. ಸೋರ್ಸ್ ಫೋಲ್ಡರುಗಳನ್ನೆಲ್ಲ ಹೊಸ ಪ್ರಾಜೆಕ್ಟಿಗೆ ಸೇರಿಸಿ ಬಿಲ್ಡ್ ಕೊಟ್ಟರೆ, ಒಂದೇ ಫಂಕ್ಷನ್ ಎರಡು ಕಡೆ ಇದೆ ಎಂದು ಲಿಂಕರ್ (ಕಂಪೈಲ್ ಆದ ತುಣುಕುಗಳನ್ನು ಒಂದಾಗಿ ಜೋಡಿಸುವ ಟೂಲ್) ಎರರ್ ಕೊಡುತ್ತದೆ. ಹೆಡರ್ ಸಿಗುತ್ತಿಲ್ಲವೆಂದು ಅರ್ಧ ಫೈಲುಗಳಲ್ಲಿ ಕೆಂಪು ಗೆರೆ ಬೀಳುತ್ತದೆ. ಟರ್ಮಿನಲ್‌ನಲ್ಲಿ ಮೇಕ್ ಕೊಟ್ಟರೆ ಮಾತ್ರ ಎಲ್ಲವೂ ಸರಿಯಾಗಿದೆ. ಎಲ್ಲಿಂದ ಆರಂಭಿಸಬೇಕು?

ಉತ್ತರ: ನಮಸ್ಕಾರ. ಮೊದಲು ಒಂದು ವಿಷಯವನ್ನು ಮ್ಯಾನೇಜರ್ ಜೊತೆ ಕುಳಿತು ಇತ್ಯರ್ಥ ಮಾಡಿಕೊಳ್ಳಿ: ಅವರಿಗೆ ಬೇಕಿರುವುದು ಐಡಿಇಯೇ ಬಿಲ್ಡ್ ಮಾಡುವುದೋ, ಅಥವಾ ಐಡಿಇಗೆ ಕೋಡ್ ಅರ್ಥವಾಗುವುದೋ? ನೀವು ಬರೆದಿರುವ ಕಾರಣಗಳನ್ನು ನೋಡಿದರೆ ಎರಡನೆಯದು ಸಾಕು. ಹಾಗಿದ್ದರೆ ಮೇಕ್‌ಫೈಲನ್ನು ಬದಲಾಯಿಸುವ ಅಗತ್ಯವೇ ಇಲ್ಲ. ಮೇಕ್ 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ್ದು ನಿಜ, ಆದರೆ ಹಳೆಯದು ಎಂಬುದಷ್ಟೇ ಅದನ್ನು ಕೈಬಿಡಲು ಕಾರಣವಾಗಬಾರದು.

ಲಿಂಕರ್ ಎರರ್ ಬರುವುದು ಸಹಜ. ಎರಡು ಬೋರ್ಡುಗಳಿಗೆ ಎರಡು ಡ್ರೈವರ್ ಫೈಲುಗಳಿದ್ದು, ಯಾವುದನ್ನು ತೆಗೆದುಕೊಳ್ಳಬೇಕೆಂಬ ಆಯ್ಕೆ ಮೇಕ್‌ಫೈಲಿನ ಷರತ್ತುಗಳಲ್ಲಿ ಅಡಗಿರುತ್ತದೆ. ಫೋಲ್ಡರನ್ನು ಇಡಿಯಾಗಿ ಎಳೆದು ತಂದಾಗ ಐಡಿಇ ಎರಡನ್ನೂ ಕಂಪೈಲ್ ಮಾಡುತ್ತದೆ. ಎರರ್ ಬಂದದ್ದು ಒಂದು ರೀತಿಯಲ್ಲಿ ಒಳ್ಳೆಯದೇ, ಏಕೆಂದರೆ ಎರರ್ ಕೊಡದೆ ನಡತೆ ಬದಲಾಗುವ ಸಂದರ್ಭಗಳು ಇದಕ್ಕಿಂತ ಅಪಾಯಕರ. ಸ್ಟಾರ್ಟಪ್ ಫೈಲಿನಲ್ಲಿ ಇಂಟರಪ್ಟ್ ಹ್ಯಾಂಡ್ಲರುಗಳು (ಹಾರ್ಡ್‌ವೇರ್ ಸಂಕೇತ ಬಂದಾಗ ಓಡುವ ಫಂಕ್ಷನ್‌ಗಳು) ವೀಕ್ ಸಿಂಬಲ್, ಅಂದರೆ ಅದೇ ಹೆಸರಿನ ಬೇರೊಂದು ಫಂಕ್ಷನ್ ಬಂದರೆ ಜಾಗ ಬಿಟ್ಟುಕೊಡುವ ತಾತ್ಕಾಲಿಕ ಫಂಕ್ಷನ್, ಆಗಿರುತ್ತವೆ. ನಿಮ್ಮ ಮೇಕ್‌ಫೈಲ್ ಆಬ್ಜೆಕ್ಟ್ ಫೈಲುಗಳನ್ನು (ಕಂಪೈಲ್ ಆದ ಸಿ ಫೈಲುಗಳು) ಮೊದಲು ಸ್ಟ್ಯಾಟಿಕ್ ಲೈಬ್ರರಿಯಾಗಿ, ಅಂದರೆ ಬೇಕಾದದ್ದನ್ನಷ್ಟೇ ಲಿಂಕರ್ ಎತ್ತಿಕೊಳ್ಳುವ ಕಟ್ಟಾಗಿ, ಕಟ್ಟುತ್ತಿದ್ದರೆ, ವೀಕ್ ಸಿಂಬಲ್ ಈಗಾಗಲೇ ಇರುವುದರಿಂದ ಲಿಂಕರ್ ಅದೇ ಹೆಸರಿನ ಅಸಲಿ ಹ್ಯಾಂಡ್ಲರಿಗಾಗಿ ಲೈಬ್ರರಿಯೊಳಗೆ ಹುಡುಕುವುದಿಲ್ಲ. ಅದೇ ಆಬ್ಜೆಕ್ಟನ್ನು ಐಡಿಇ ನೇರವಾಗಿ ಲಿಂಕ್ ಮಾಡಿದರೆ ಅಸಲಿ ಹ್ಯಾಂಡ್ಲರ್ ಗೆಲ್ಲುತ್ತದೆ. ಸೋರ್ಸಿನಲ್ಲಿ ಒಂದಕ್ಷರವೂ ಬದಲಾಗದೆ ಬೋರ್ಡಿನ ಮೇಲೆ ಬೇರೆಯದೇ ಕೋಡ್ ಓಡುತ್ತದೆ.

ಆದ್ದರಿಂದ ಎಕ್ಲಿಪ್ಸ್‌ನಲ್ಲಿ ‘ಮೇಕ್‌ಫೈಲ್ ಪ್ರಾಜೆಕ್ಟ್ ವಿತ್ ಎಕ್ಸಿಸ್ಟಿಂಗ್ ಕೋಡ್’ ಎಂಬುದನ್ನು ಆರಿಸಿ, ಬಿಲ್ಡ್ ಮಾಡುವ ಕೆಲಸವನ್ನು ಮೇಕ್‌ಗೇ ಬಿಡಿ. ಕೆಂಪು ಗೆರೆಗಳಿಗೆ ಕಾರಣ, ಹೆಡರುಗಳ ದಾರಿ ಮತ್ತು ಮ್ಯಾಕ್ರೋಗಳು (ಕಂಪೈಲ್ ಮಾಡುವಾಗ ಕೊಡುವ ಹೆಸರಿಟ್ಟ ಮೌಲ್ಯಗಳು) ಎಕ್ಲಿಪ್ಸ್‌ಗೆ ಗೊತ್ತಿಲ್ಲದಿರುವುದು. ಬಿಲ್ಡ್ ಔಟ್‌ಪುಟ್ ಓದಿ ಅವುಗಳನ್ನು ತಿಳಿದುಕೊಳ್ಳುವ ಸೌಲಭ್ಯ ಅದರಲ್ಲಿದೆ, ಆದರೆ ಮೇಕ್‌ಫೈಲಿನಲ್ಲಿ ಕಮಾಂಡಿನ ಮುಂದೆ ‘ಅಟ್’ ಚಿಹ್ನೆ ಇದ್ದರೆ ಪೂರ್ತಿ ಕಮಾಂಡ್ ಪ್ರಿಂಟ್ ಆಗದೆ, ‘ಸಿಸಿ ಮೋಟರ್’ ಎಂಬಂತಹ ಚುಟುಕು ಸಾಲಷ್ಟೇ ಕಾಣುತ್ತದೆ. ಅಂತಹ ಸಾಲಿನಿಂದ ಐಡಿಇಗೆ ಏನೂ ದಕ್ಕುವುದಿಲ್ಲ.

ಇದಕ್ಕಿಂತ ನಂಬಿಕೆಯ ದಾರಿ ಕಂಪೈಲೇಶನ್ ಡೇಟಾಬೇಸ್: ಯಾವ ಫೈಲನ್ನು, ಯಾವ ಫೋಲ್ಡರಿನಲ್ಲಿ ನಿಂತು, ಯಾವ ಫ್ಲ್ಯಾಗುಗಳೊಂದಿಗೆ ಕಂಪೈಲ್ ಮಾಡಲಾಯಿತು ಎಂಬ ವಿವರವಿರುವ ಜೇಸನ್ ಮಾದರಿಯ ಪಠ್ಯ ಫೈಲ್. ಲಿನಕ್ಸ್‌ನಲ್ಲಿ ‘ಬೇರ್’ ಎಂಬ ಟೂಲಿನ ಮೂಲಕ ಮೇಕ್ ಓಡಿಸಿದರೆ, ಅದು ಕಂಪೈಲರನ್ನು ಕರೆದ ಪ್ರತಿ ಸಲವೂ ಗುರುತಿಟ್ಟುಕೊಂಡು ಈ ಫೈಲನ್ನು ಬರೆದುಕೊಡುತ್ತದೆ. ಮೇಕ್‌ಫೈಲುಗಳು ಒಂದನ್ನೊಂದು ಎಷ್ಟು ಆಳಕ್ಕೆ ಕರೆದರೂ ತೊಂದರೆಯಿಲ್ಲ. ಅದಕ್ಕೆ ಮುನ್ನ ಕ್ಲೀನ್ ಮಾಡುವುದನ್ನು (ಹಳೆಯ ಬಿಲ್ಡ್ ಫೈಲುಗಳನ್ನು ಅಳಿಸುವುದನ್ನು) ಮರೆಯಬೇಡಿ, ಏಕೆಂದರೆ ಈಗಾಗಲೇ ಬಿಲ್ಡ್ ಆಗಿರುವ ಫೈಲುಗಳನ್ನು ಮೇಕ್ ಮುಟ್ಟುವುದಿಲ್ಲ, ಮುಟ್ಟದ ಫೈಲು ಪಟ್ಟಿಗೆ ಬರುವುದಿಲ್ಲ. ಈ ಪಟ್ಟಿಯನ್ನು ಸಿಲಯನ್ ಎಂಬ ಐಡಿಇ ಮತ್ತು ಕ್ಲಾಂಗ್‌ಡಿ (ಎಡಿಟರಿಗೆ ಕೋಡ್ ಅರ್ಥ ಮಾಡಿಸುವ ಟೂಲ್) ಅಳವಡಿಸಿದ ವಿಎಸ್ ಕೋಡ್ ಎಡಿಟರ್ ಕೂಡ ಓದುತ್ತವೆ. ಕ್ಲಾಂಗ್‌ಡಿ ಬಳಸುವುದಾದರೆ ನಿಮ್ಮ ಕ್ರಾಸ್ ಕಂಪೈಲರಿನ (ಪಿಸಿಯಲ್ಲಿ ಓಡಿ ಆರ್ಮ್ ಚಿಪ್‌ಗೆ ಕೋಡ್ ತಯಾರಿಸುವ ಕಂಪೈಲರ್) ದಾರಿಯನ್ನು ‘ಕ್ವೆರಿ ಡ್ರೈವರ್’ ಆಯ್ಕೆಯಲ್ಲಿ ಕೊಡಬೇಕು. ಇಲ್ಲವಾದರೆ ಕಂಪೈಲರಿನ ಜೊತೆಗೇ ಬರುವ ಹೆಡರುಗಳು ಅದಕ್ಕೆ ಸಿಗದೇ ಹೋಗಬಹುದು.

ಡಿಬಗ್ ಮಾಡಲು ಐಡಿಇಯೇ ಬಿಲ್ಡ್ ಮಾಡಿರಬೇಕೆಂದೇನಿಲ್ಲ. ಮೇಕ್ ಕೊಟ್ಟ ಎಲ್ಫ್ ಫೈಲಿನಲ್ಲಿ (ಲಿಂಕ್ ಆದ ಅಂತಿಮ ಪ್ರೋಗ್ರಾಂ ಫೈಲ್) ಡಿಬಗ್ ಮಾಹಿತಿ ಇದ್ದರೆ ಸಾಕು.

ಮರುಪ್ರಶ್ನೆ: ತುಂಬಾ ಧನ್ಯವಾದಗಳು ಸರ್. ಎರಡು ಸಂದೇಹಗಳಿವೆ. ಫ್ಲ್ಯಾಶ್ ಡ್ರೈವರ್ ಫೈಲನ್ನು ಬೂಟ್‌ಲೋಡರಿಗೂ (ಚಿಪ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ) ಅಪ್ಲಿಕೇಶನ್ನಿಗೂ ಬೇರೆ ಬೇರೆ ಮ್ಯಾಕ್ರೋಗಳೊಂದಿಗೆ ಕಂಪೈಲ್ ಮಾಡುತ್ತೇವೆ. ಐಡಿಇ ಯಾವುದನ್ನು ತೋರಿಸುತ್ತದೆ? ಎರಡನೆಯದಾಗಿ, ಮುಂದೆ ಮೇಕ್ ಬಿಟ್ಟು ಸಿಮೇಕ್ ಎಂಬ ಇನ್ನೊಂದು ಬಿಲ್ಡ್ ಟೂಲಿಗೆ ಹೋಗಲೇಬೇಕೆಂದರೆ ಫಲಿತಾಂಶ ಸರಿಯಿದೆಯೆಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಉತ್ತರ: ಒಂದೇ ಪಟ್ಟಿಯಲ್ಲಿ ಆ ಫೈಲಿಗೆ ಎರಡು ನಮೂದುಗಳಿದ್ದರೆ ಕ್ಲಾಂಗ್‌ಡಿ ಒಂದನ್ನು ಮಾತ್ರ ಹಿಡಿದುಕೊಳ್ಳುತ್ತದೆ, ಅದು ನಿಮಗೆ ಬೇಕಾದದ್ದೇ ಆಗಿರಬೇಕೆಂದಿಲ್ಲ. ಎರಡೂ ಟಾರ್ಗೆಟ್‌ಗಳಿಗೆ ಪ್ರತ್ಯೇಕ ಪಟ್ಟಿ ಮಾಡಿ, ಕೆಲಸಕ್ಕೆ ತಕ್ಕಂತೆ ಪ್ರಾಜೆಕ್ಟಿನ ಮೂಲ ಫೋಲ್ಡರಿನಲ್ಲಿ ಪಟ್ಟಿಯತ್ತ ತೋರಿಸುವ ಸಿಂಬಾಲಿಕ್ ಲಿಂಕನ್ನು (ಬೇರೊಂದು ಫೈಲಿಗೆ ಕೊಂಡಿ) ಬದಲಾಯಿಸಿಕೊಳ್ಳುವುದು ಸರಳ ಉಪಾಯ.

ಸಿಮೇಕ್‌ಗೆ ಹೋಗುವುದಾದರೆ ಇದೇ ಪಟ್ಟಿ ನಿಮಗೆ ಅಳತೆಗೋಲು. ಸಿಮೇಕ್ ಕೂಡ ಇದೇ ಬಗೆಯ ಜೇಸನ್ ಫೈಲನ್ನು ಬರೆಯಬಲ್ಲದು. ಎರಡನ್ನೂ ಫೈಲಿನ ಹೆಸರಿನಂತೆ ಜೋಡಿಸಿಟ್ಟು ಫ್ಲ್ಯಾಗುಗಳನ್ನು ಹೋಲಿಸಿದರೆ, ಬಿಟ್ಟುಹೋದ ಮ್ಯಾಕ್ರೋ, ಬದಲಾದ ಆಪ್ಟಿಮೈಸೇಶನ್ ಮಟ್ಟ ಎಲ್ಲವೂ ಬಯಲಾಗುತ್ತವೆ. ಲಿಂಕ್ ಆದ ಮೇಲೆ ಎರಡೂ ಮ್ಯಾಪ್ ಫೈಲುಗಳನ್ನು (ಯಾವ ಫಂಕ್ಷನ್ ಎಲ್ಲಿಂದ ಬಂತು ಎಂದು ಲಿಂಕರ್ ಬರೆದಿಡುವ ಪಟ್ಟಿ) ಹೋಲಿಸಿ, ಪ್ರತಿ ಇಂಟರಪ್ಟ್ ಹ್ಯಾಂಡ್ಲರ್ ಯಾವ ಆಬ್ಜೆಕ್ಟಿನಿಂದ ಬಂದಿದೆ ಎಂಬುದನ್ನು ತಪ್ಪದೆ ನೋಡಿ. ಬೈನರಿಗಳನ್ನೇ ಹೋಲಿಸುವ ಮನಸ್ಸಿದ್ದರೆ, ಕೋಡಿನಲ್ಲಿ ಎಲ್ಲಾದರೂ ಬಿಲ್ಡ್ ಆದ ದಿನಾಂಕ, ಸಮಯದ ಮ್ಯಾಕ್ರೋಗಳಿವೆಯೇ ಎಂದು ಮೊದಲು ಹುಡುಕಿ. ಅವು ಇರುವವರೆಗೆ ಎರಡು ಬಾರಿ ಮೇಕ್ ಮಾಡಿದ ಬೈನರಿಗಳೂ ಒಂದಕ್ಕೊಂದು ಹೊಂದುವುದಿಲ್ಲ. ಹೋಲಿಕೆ ಮುಗಿಯುವವರೆಗೆ ಗ್ರಾಹಕರಿಗೆ ಹೋಗುವ ಬಿಲ್ಡ್ ಮೇಕ್‌ನಿಂದಲೇ ಹೋಗಲಿ.