ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಪಕ್ಕದವನ ತಪ್ಪಿಗೆ ನಮ್ಮ ಸರ್ವರ್ ಜಪ್ತಿ?

ರೂಟ್‌ರಂಗ
ಮೂರು ಜನ ಸೇರಿ ಸಣ್ಣದೊಂದು ಆಪ್ ನಡೆಸುತ್ತಿದ್ದೇವೆ. ಸರ್ವರ್‌ಗಳು ಅಮೆರಿಕದಲ್ಲಿವೆ, ಬಾಡಿಗೆಗೆ. ಹಳೇ ಸುದ್ದಿಯೊಂದನ್ನು ಓದಿ ನಿನ್ನೆಯಿಂದ ತಲೆ ಕೆಟ್ಟಿದೆ. 2011ರ ಜೂನ್‌ನಲ್ಲಿ ಎಫ್‌ಬಿಐನವರು ವರ್ಜೀನಿಯಾದ ರೆಸ್ಟನ್‌ನಲ್ಲಿದ್ದ ಒಂದು ಡೇಟಾ ಸೆಂಟರ್‌ಗೆ ರಾತ್ರೋರಾತ್ರಿ ಬಂದರು. ಹುಡುಕಿ ಬಂದದ್ದು ಡಿಜಿಟಲ್‌ಒನ್ ಎಂಬ, ಸರ್ವರ್ ಬಾಡಿಗೆಗೆ ಕೊಡುವ ಹೋಸ್ಟಿಂಗ್ ಕಂಪನಿಯ ಒಬ್ಬ ಗಿರಾಕಿಯನ್ನು. ಎತ್ತಿಕೊಂಡು ಹೋದದ್ದು ಅಕ್ಕಪಕ್ಕದವರ ಯಂತ್ರಗಳನ್ನೂ ಸೇರಿಸಿ. ಪಿನ್‌ಬೋರ್ಡ್, ಇನ್‌ಸ್ಟಾಪೇಪರ್ ಥರದ, ವೆಬ್ ಪುಟಗಳನ್ನು ಉಳಿಸಿಡುವ, ಒಬ್ಬೊಬ್ಬರೇ ಕಟ್ಟಿ ನಡೆಸುತ್ತಿದ್ದ ಸೇವೆಗಳಿಗೂ ಬಿಸಿ ತಟ್ಟಿತು.

ಪೊಲೀಸರು ಕಳ್ಳನನ್ನು ಹಿಡಿಯಲಿ, ಬೇಡ ಅನ್ನಲ್ಲ. ಆದರೆ ಅವನು ನನ್ನ ಪಕ್ಕದ ಸರ್ವರ್ ಕಪಾಟಿನಲ್ಲಿ, ಅಂದರೆ ರ‍್ಯಾಕ್‌ನಲ್ಲಿದ್ದ ಅನ್ನೋದೇ ನನ್ನ ತಪ್ಪಾ? ಆ ಡಿಸ್ಕ್ ಮೇಲಿರುವ ಡೇಟಾ ನನ್ನ ಆಸ್ತಿ ಹೌದೋ ಅಲ್ವೋ?

ಲಾಠಿಪರ
ಸುಮ್ನೆ ಹೆದರಿಸಬೇಡಿ ರಂಗ ಅವರೇ. 2011ರ ಕಥೆ ಅದು. ಜಪ್ತಿ ಮಾಡುವ ಅಧಿಕಾರವೇ ಇಲ್ಲದಿದ್ದರೆ ಏನಾಗುತ್ತಿತ್ತು ಅಂತಲೂ ನೋಡಿ. 2016ರಲ್ಲಿ ಬಿಟ್‌ಫಿನೆಕ್ಸ್ ಎಂಬ ಕ್ರಿಪ್ಟೋ ವಿನಿಮಯ ಕೇಂದ್ರದಿಂದ ಸುಮಾರು 1,20,000 ಬಿಟ್‌ಕಾಯಿನ್ ಕಳುವಾಯಿತು. 2022ರ ಫೆಬ್ರವರಿಯಲ್ಲಿ ಅಮೆರಿಕ ಸರ್ಕಾರ ಅದರಲ್ಲಿ 94,000ಕ್ಕಿಂತ ಜಾಸ್ತಿ ಹಿಡಿದು ಹಾಕಿತು. ಆ ಹೊತ್ತಿನ ಬೆಲೆ 360 ಕೋಟಿ ಡಾಲರ್. ಆ ಬಿಟ್‌ಕಾಯಿನ್ ತೆಗೆಯುವ ಗುಪ್ತ ಕೀಲಿಗಳು ಸಿಕ್ಕಿದ್ದು ಎಲ್ಲಿ? ಆರೋಪಿಯ ಕ್ಲೌಡ್ ಖಾತೆಯಲ್ಲಿದ್ದ ಫೈಲಿನಲ್ಲಿ. "ಡೇಟಾ ಮುಟ್ಟಬೇಡಿ" ಅಂತ ಕೂತಿದ್ದರೆ ಆ ಹಣ ಗೋವಿಂದ.

ಹಳೇಕೀಬೋರ್ಡ್
2011ರದ್ದೇ ಹಳೇ ಕಥೆ ಅಂದ್ರೆ ಇದಕ್ಕೆ ಏನಂತೀರೋ. 1990ರ ಮಾರ್ಚ್ 1. ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಸ್ಟೀವ್ ಜಾಕ್ಸನ್ ಗೇಮ್ಸ್ ಅಂತ ಒಂದು ಪುಟ್ಟ ಕಂಪನಿ. ಕಾಗದ ಪೆನ್ಸಿಲ್ ಇಟ್ಟುಕೊಂಡು ಆಡುವ ಆಟಗಳನ್ನು ಮಾಡುತ್ತಿದ್ದರು. ಅಮೆರಿಕ ಸರ್ಕಾರದ ತನಿಖಾ ಸಂಸ್ಥೆ ಸೀಕ್ರೆಟ್ ಸರ್ವಿಸ್‌ನವರು ಬಂದು ಕಂಪ್ಯೂಟರ್‌ಗಳನ್ನು ಒಯ್ದರು. ಅಚ್ಚಿಗೆ ಹೋಗಬೇಕಿದ್ದ ಆಟದ ಪುಸ್ತಕವೂ ಅದರೊಳಗೇ ಹೋಯಿತು. ಕಂಪನಿ ಮೇಲೆ ಒಂದು ಕೇಸೂ ಬೀಳಲಿಲ್ಲ. ಆದರೆ ಸುಮಾರು ಅರ್ಧದಷ್ಟು ಜನರನ್ನು ಮನೆಗೆ ಕಳಿಸಬೇಕಾಯಿತು. ಕಂಪನಿಯೇ ಸರ್ಕಾರದ ಮೇಲೆ ಹೂಡಿದ ಕೇಸಿನಲ್ಲಿ 1993ರಲ್ಲಿ ಕೋರ್ಟು 50,000 ಡಾಲರ್ ಪರಿಹಾರ ಕೊಡಿಸಿತು, ವಕೀಲರ ಖರ್ಚಿಗೆ 2,50,000.

ಮೂಗಿಗಿಂತ ಮೂಗುತಿ ಭಾರ ಅನ್ನೋದು ಇದಕ್ಕೇ. ಗೆದ್ದ ಕೇಸಿನ ಲೆಕ್ಕ ಇದು, ಸೋತದ್ದಲ್ಲ.

ಕರಿಕೋಟು
ಮೂರು ಬೇರೆ ಬೇರೆ ವಿಷಯ ಕಲಸಿಹೋಗುತ್ತಿವೆ. ವಾರಂಟ್ ಹಿಡಿದು ಸಾಕ್ಷ್ಯಕ್ಕೆಂದು ಒಯ್ಯುವುದು ಒಂದು. ಅದು ತಾತ್ಕಾಲಿಕ, ಕೆಲಸ ಮುಗಿದ ಮೇಲೆ ವಾಪಸ್ ಬರಬೇಕು. ಮುಟ್ಟುಗೋಲು ಇನ್ನೊಂದು. ಅಲ್ಲಿ ವಸ್ತು ಸರ್ಕಾರದ ಪಾಲಾಗುತ್ತದೆ. ಭೂಸ್ವಾಧೀನ ಮೂರನೆಯದು. ಅದರಲ್ಲಿ ಮಾತ್ರ ಪರಿಹಾರ ಕೊಡಲೇಬೇಕು ಅಂತ ಅಮೆರಿಕದ ಸಂವಿಧಾನದ ಐದನೇ ತಿದ್ದುಪಡಿ ಹೇಳುತ್ತದೆ.

ವಿಚಿತ್ರ ಇರೋದು ಎರಡನೆಯದರಲ್ಲಿ. ಸಿವಿಲ್ ಮುಟ್ಟುಗೋಲಿನಲ್ಲಿ ಆರೋಪಿ ಮನುಷ್ಯನಲ್ಲ, ವಸ್ತು. 2006ರ ಒಂದು ಮೇಲ್ಮನವಿ ತೀರ್ಪಿನ ಹೆಸರೇ "ಅಮೆರಿಕ ಸಂಯುಕ್ತ ಸಂಸ್ಥಾನ ವಿರುದ್ಧ 1,24,700 ಡಾಲರ್ ನಗದು". ಆ ಹಣ ಪೊಲೀಸರಿಗೆ ಸಿಕ್ಕಿದ್ದು ಒಬ್ಬನ ಕಾರಿನಲ್ಲಿ. ಮಾದಕ ವಸ್ತು ಸಿಗಲಿಲ್ಲ. ಲಾರಿ ಕೊಳ್ಳಲು ಗೆಳೆಯರೊಂದಿಗೆ ಸೇರಿ ಕೂಡಿಸಿದ ಹಣ ಅಂತ ಅವನು ಹೇಳಿದ. ಹಣ ಸರ್ಕಾರಕ್ಕೇ ಹೋಯಿತು. ನೋಟಿನ ಕಟ್ಟಿಗೆ ಬಾಯಿಲ್ಲ, ವಾದ ಮಾಡಲ್ಲ.

ಲಾಠಿಪರ
ಕೋರ್ಟುಗಳೇನು ಕಣ್ಣು ಮುಚ್ಚಿ ಕೂತಿಲ್ಲವಲ್ಲ ಸರ್. 2019ರ ಟಿಂಬ್ಸ್ ಕೇಸು ನೆನಪಿಸಿಕೊಳ್ಳಿ. ಇಂಡಿಯಾನಾದಲ್ಲಿ ಮಾದಕ ವಸ್ತು ಮಾರಿದ ಟಿಂಬ್ಸ್ ಎಂಬವನ 42,000 ಡಾಲರ್‌ನ ಗಾಡಿ ಕಿತ್ತುಕೊಂಡಿದ್ದರು. ಆ ಅಪರಾಧಕ್ಕೆ ಇದ್ದ ಗರಿಷ್ಠ ದಂಡವೇ 10,000. ವಿಪರೀತ ದಂಡ ಕೂಡದು ಅನ್ನುವ ನಿಯಮ ರಾಜ್ಯಗಳಿಗೂ ಅನ್ವಯ ಅಂತ ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿತು.

ಕರಿಕೋಟು
ಒಪ್ಪಿದೆ. ಗಾಡಿ ಹೋದದ್ದು 2013ರಲ್ಲಿ ಅನ್ನೋದನ್ನೂ ಸೇರಿಸಿಕೊಳ್ಳಿ. ಆರು ವರ್ಷ ಕಾಯುವಷ್ಟು ಬಂಡವಾಳ ಯಾವ ಸ್ಟಾರ್ಟಪ್ ಹತ್ತಿರ ಇರುತ್ತದೆ?

ಬೂದುಗುಂಬಳ
ಎಲ್ಲರೂ ಸರ್ವರ್‌ಗೆ ಅಳುತ್ತಿದ್ದೀರಿ. ಮನೆಗಳ ಸುದ್ದಿ ಯಾಕೆ ಯಾರೂ ಎತ್ತಲಿಲ್ಲ?

ವಿಸ್ಕಾನ್ಸಿನ್‌ನ ಮೌಂಟ್ ಪ್ಲೆಸೆಂಟ್. 2017ರಲ್ಲಿ ತೈವಾನಿನ ಎಲೆಕ್ಟ್ರಾನಿಕ್ಸ್ ಕಂಪನಿ ಫಾಕ್ಸ್‌ಕಾನ್ ಬರುತ್ತದೆ, 1,000 ಕೋಟಿ ಡಾಲರ್ ಹೂಡುತ್ತದೆ, 13,000 ಕೆಲಸ ಕೊಡುತ್ತದೆ ಅಂತ ಡಂಗುರ. ಸಮಸ್ಯೆ ಏನಂದ್ರೆ, ಚೆನ್ನಾಗಿರುವ ಮನೆಯನ್ನು ಕಿತ್ತು ಖಾಸಗಿಯವರಿಗೆ ಕೊಡಬಾರದು ಅಂತ ಆ ರಾಜ್ಯದಲ್ಲಿ ಕಾನೂನಿದೆ. ಹಾಳುಬಿದ್ದ ಜಾಗವಾದರೆ ಪರವಾಗಿಲ್ಲ. 2018ರಲ್ಲಿ ಊರಿನ ಆಡಳಿತ ಏನು ಮಾಡಿತು ಗೊತ್ತಾ? ಇಡೀ ಪ್ರದೇಶವನ್ನೇ ಹಾಳುಬಿದ್ದದ್ದು ಅಂತ ಘೋಷಿಸಿತು. ಹುಲ್ಲು ಸಮಕ್ಕೆ ಕತ್ತರಿಸಿದ ಅಂಗಳ, ಹೊಸ ಬಣ್ಣದ ಗೋಡೆ, ಒಳಗೆ ಸಂಸಾರ. ಕಾಗದದಲ್ಲಿ ಮಾತ್ರ ಹಾಳು. ಕಿತ್ತುಕೊಳ್ಳುತ್ತಾರೆ ಅನ್ನುವ ಹೆದರಿಕೆಯಲ್ಲೇ ಎಷ್ಟೋ ಜನ ಮಾರಿ ಹೋದರು.

2021ರಲ್ಲಿ ಹೊಸ ಒಪ್ಪಂದ ಆಯಿತು. 13,000 ಇದ್ದದ್ದು 1,454 ಕೆಲಸಕ್ಕೆ ಇಳಿಯಿತು. ಅಲ್ಲಿನ ಜಾಗದಲ್ಲಿ ಈಗ ಮೈಕ್ರೋಸಾಫ್ಟ್ ಡೇಟಾ ಸೆಂಟರ್ ಕಟ್ಟಿಸುತ್ತಿದೆ. ರಂಗ ಅವರೇ, ನೀವು ಬಾಡಿಗೆಗೆ ಹಿಡಿಯುವ ಮುಂದಿನ ಸರ್ವರ್ ಅಂಥ ನೆಲದ ಮೇಲೂ ಇರಬಹುದು.

ರೂಟ್‌ರಂಗ
ಗುರೂ, ಅದಕ್ಕೂ ನಾನೇ ಹೊಣೆನಾ? ಮೂರು ಜನದ ಕಂಪನಿ ನಮ್ಮದು.

ಬೂದುಗುಂಬಳ
ಹೊಣೆ ಅನ್ನಲಿಲ್ಲ. ನಮ್ಮ ಈ ಸ್ಟಾರ್ಟಪ್ ಲೋಕದ ಗುಣ ಹೇಳಿದೆ. ನಮ್ಮ ಡಿಸ್ಕ್ ಮುಟ್ಟಿದರೆ ಸರ್ಕಾರ ರಾಕ್ಷಸ. ಬೇರೆಯವರ ಹೊಲ ಕಿತ್ತು ಕ್ಯಾಂಪಸ್‌ಗೆ ಕೊಟ್ಟರೆ ಅದೇ ಸರ್ಕಾರ ದೂರದೃಷ್ಟಿ ಉಳ್ಳದ್ದು. ಆಸ್ತಿಯ ಹಕ್ಕು ನಮಗೆ ನೆನಪಾಗೋದು ನಮ್ಮ ಬಾಗಿಲು ತಟ್ಟಿದಾಗ ಮಾತ್ರ.

ಕರಿಕೋಟು
ಬೂದುಗುಂಬಳ ಹೇಳಿದ ಕಾನೂನು ಬಂದದ್ದೇ ಕೀಲೋ ತೀರ್ಪಿನ ಸಿಟ್ಟಿನಲ್ಲಿ. 2005, ಕನೆಕ್ಟಿಕಟ್‌ನ ನ್ಯೂ ಲಂಡನ್. ಔಷಧ ಕಂಪನಿ ಫೈಜರ್‌ನ ಸಂಶೋಧನಾ ಕೇಂದ್ರದ ಪಕ್ಕದ ಬಡಾವಣೆಯನ್ನು ಅಭಿವೃದ್ಧಿಗೆಂದು ತೆಗೆದುಕೊಳ್ಳಬಹುದು ಅಂತ ಸುಪ್ರೀಂ ಕೋರ್ಟು 5–4ರಲ್ಲಿ ಹೇಳಿತು. ತೆರಿಗೆ ಜಾಸ್ತಿ ಬರುತ್ತದೆ, ಅದೂ ಸಾರ್ವಜನಿಕ ಉದ್ದೇಶವೇ ಅಂತ. 2009ರಲ್ಲಿ ಫೈಜರ್ ಜಾಗ ಖಾಲಿ ಮಾಡುವುದಾಗಿ ಹೇಳಿತು. ಮನೆಗಳಿದ್ದ ನೆಲ ವರ್ಷಗಟ್ಟಲೆ ಬಯಲಾಗಿ ಬಿದ್ದಿತ್ತು.

ಮೌನಮೋಡೆಮ್
ಇಷ್ಟು ಹೊತ್ತು ಓದುತ್ತಿದ್ದೆ. ನನಗೆ ಆದದ್ದು ಹೇಳುತ್ತೇನೆ, ಹೋಸ್ಟಿಂಗ್‌ನವರ ಹೆಸರು ಬೇಡ. ರಾತ್ರಿ ಎರಡೂವರೆಗೆ ಫೋನ್ ಬಡಿದುಕೊಂಡಿತು. ಪಿಂಗ್ ಹೋಗುತ್ತಿಲ್ಲ, ಅಂದರೆ ಸರ್ವರ್ ಉತ್ತರವೇ ಕೊಡುತ್ತಿಲ್ಲ. ಬೆಳಿಗ್ಗೆವರೆಗೂ ಹೋಸ್ಟಿಂಗ್‌ನವರಿಗೆ ದೂರಿನ ಟಿಕೆಟ್ ಮೇಲೆ ಟಿಕೆಟ್ ಹಾಕಿದೆ. ಹನ್ನೊಂದಕ್ಕೆ ಒಂದೇ ಸಾಲಿನ ಉತ್ತರ: "ಯಂತ್ರ ನಮ್ಮ ವಶದಲ್ಲಿಲ್ಲ." ಯಾರ ವಶದಲ್ಲಿದೆ ಅಂತ ಕೇಳಿದರೆ ಹೇಳುವ ಹಾಗಿಲ್ಲವಂತೆ.

ಬ್ಯಾಕಪ್ ಇತ್ತು. ಅದೇ ರ‍್ಯಾಕ್‌ನಲ್ಲಿ, ಎರಡು ಗೂಡು ಕೆಳಗೆ.

ಏಳು ವಾರದ ಮೇಲೆ ಡಿಸ್ಕ್ ವಾಪಸ್ ಬಂತು. ಪ್ಲಾಸ್ಟಿಕ್ ಚೀಲ, ಮೇಲೆ ಚೀಟಿ, ಚೀಟಿಯಲ್ಲಿ ನನ್ನ ಹೆಸರಲ್ಲ, ಒಂದು ನಂಬರ್. ಡೇಟಾ ಅಷ್ಟೂ ನೆಟ್ಟಗಿತ್ತು. ಗಿರಾಕಿಗಳು ಇರಲಿಲ್ಲ.

ಲಾಠಿಪರ
ಇದು ಓದಿ ಬೇಜಾರಾಯಿತು. ಯಂತ್ರ ಒಯ್ಯುವ ಬದಲು ಅಲ್ಲೇ ನಕಲು ತೆಗೆದುಕೊಳ್ಳಬೇಕು ಅಂತ ನಿಯಮ ಇದ್ದರೆ ಈ ಗೋಳು ಇರಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಜೊತೆ ಇದ್ದೇನೆ. ಅಧಿಕಾರವೇ ಬೇಡ ಅನ್ನೋದಕ್ಕೆ ಮಾತ್ರ ಈಗಲೂ ಒಪ್ಪಲ್ಲ.

ಹಳೇಕೀಬೋರ್ಡ್
ನಕಲು ತೆಗೆದರೂ ಮುಗಿಯಲ್ಲ ಸ್ವಾಮಿ. 2012ರಲ್ಲಿ ಅಮೆರಿಕ ಸರ್ಕಾರ ಮುಚ್ಚಿಸಿದ ಫೈಲ್ ಹಂಚುವ ತಾಣ ಮೆಗಾಅಪ್‌ಲೋಡ್ ನೋಡಿ. ಬೇಕಾದ್ದನ್ನು ನಕಲು ಮಾಡಿಕೊಂಡಿದ್ದೇವೆ, ಸರ್ವರ್‌ಗಳ ಉಸಾಬರಿ ನಮ್ಮದಲ್ಲ ಅಂತ ಸರ್ಕಾರ ಕೈತೊಳೆದುಕೊಂಡಿತು. ಸಾವಿರಕ್ಕೂ ಹೆಚ್ಚು ಸರ್ವರ್ ಬಾಡಿಗೆಗೆ ಕೊಟ್ಟಿದ್ದ ಕಂಪನಿ ದಿನಕ್ಕೆ 9,000 ಡಾಲರ್ ಖರ್ಚು ಬರುತ್ತಿದೆ ಅಂತ ಕೋರ್ಟಿಗೆ ಹೋಯಿತು. ಒಹಾಯೋದಲ್ಲಿ ಶಾಲಾ ಮಕ್ಕಳ ಪಂದ್ಯಗಳ ವಿಡಿಯೋ ಮಾಡುತ್ತಿದ್ದ ಒಬ್ಬ ತನ್ನ ಫೈಲು ಕೊಡಿಸಿ ಅಂತ ಅರ್ಜಿ ಹಾಕಿ ಕಾದೇ ಕಾದ. ಡೇಟಾ ನನ್ನ ಆಸ್ತಿನಾ ಅಂತ ರಂಗ ಕೇಳಿದ್ದರಲ್ಲ, ಅವನು ಕೇಳಿದ್ದೂ ಅದನ್ನೇ.

ರೂಟ್‌ರಂಗ
ಸರಿ. ಕಾನೂನು ಬದಲಾಗೋ ತನಕ ಕಾಯಲ್ಲ. ಈ ವಾರವೇ ಬೇರೆ ಹೋಸ್ಟಿಂಗ್‌ನಲ್ಲಿ ಎರಡನೇ ಬ್ಯಾಕಪ್ ಇಡುತ್ತೇನೆ. ಬೂದುಗುಂಬಳ ಹೇಳಿದ್ದೂ ತಲೆಯಲ್ಲಿ ಕೊರೆಯುತ್ತಿದೆ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಮೌನಮೋಡೆಮ್
ಎರಡನೆಯವರ ಯಂತ್ರ ಯಾವ ಕಟ್ಟಡದಲ್ಲಿದೆ ಅಂತ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ನಾನೂ ಆಮೇಲೆ ಬೇರೆ ಹೋಸ್ಟಿಂಗ್ ಹಿಡಿದೆ. ಹೆಸರು ಬೇರೆ, ಬಿಲ್ಲು ಬೇರೆ. ಕಟ್ಟಡ ಅದೇ, ಮಹಡಿಯೂ ಅದೇ.